ಎರಡು ಸಲ ಉಗುರೊತ್ತಿದ ಮಡಿಕೆ

ಎರ್ಲೆನ್‌ತಾಲ್, ಟ್ಯೂರಿಂಗಿಯಾ, ಪೂರ್ವ ಜರ್ಮನಿ
11 ಜನವರಿ 1982

ಜಿಲ್ಲಾ ಮಕ್ಕಳ ಕಚೇರಿಯವರಿಗೆ,

ನನ್ನ ಹೆಸರು ವಾಲ್‌ಟ್ರೌಟ್ ಓಮೆ. ವಿಧವೆ. ನಮ್ಮೂರಿನ ಮಾದರಿ ರೈಲು ಕಾರ್ಖಾನೆಯಲ್ಲಿ ರೈಲುಗಳನ್ನು ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ.

ಮಗಳು ರೆಗೀನೆ ಕಳೆದ ಆಗಸ್ಟಿನಲ್ಲಿ ಮಾಡಿದ್ದು ನಿಮಗೆ ಗೊತ್ತು. ಗಂಡ ಯೋಖೆನ್ ಮೊದಲೇ ಪಶ್ಚಿಮ ಜರ್ಮನಿಗೆ ಹೋಗಿ ಕೂತಿದ್ದ. ಅವನನ್ನು ಸೇರಲೆಂದು ಮಗುವನ್ನೂ ಕಟ್ಟಿಕೊಂಡು ಯಾರದೋ ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಲು ಹೋದಳು, ಸಿಕ್ಕಿಬಿದ್ದಳು. ಮೂರು ವರ್ಷಕ್ಕೂ ಮೇಲೆ ಶಿಕ್ಷೆಯಾಗಿದೆ. ಆ ಬಗ್ಗೆ ವಾದಿಸಲು ನಾನು ಬರೆಯುತ್ತಿಲ್ಲ. ನಾನು ಕೇಳುತ್ತಿರುವುದು ಮಗುವನ್ನು. ಡೋರಿಟ್‌ಗೆ ಇನ್ನೂ ನಾಲ್ಕು ತುಂಬಿಲ್ಲ. ಅನಾಥಾಲಯದಲ್ಲಿ ಇರಬೇಕಾದ ಮಗುವಲ್ಲ ಅವಳು, ಅಜ್ಜಿ ಇದ್ದೇನೆ.

ನನಗೆ ಮಗು ಸಾಕುವ ಯೋಗ್ಯತೆ ಇದೆಯೇ ಎಂದು ನಿಮ್ಮ ಅಧಿಕಾರಿಣಿ ಕೇಳಿದರು. ಯುದ್ಧ ಮುಗಿದ ಮರುವರ್ಷದಿಂದ ರೈಲು ಕಟ್ಟುತ್ತಿದ್ದೇನೆ. ನಾನು ಕಟ್ಟಿ ಕಳಿಸಿದ ಎಂಜಿನ್ನಿನ ಒಂದು ಹೊಗೆಕೊಳವೆಯೂ ದಾರಿಯಲ್ಲಿ ಮುರಿದ ದೂರು ಬಂದಿಲ್ಲ. ಒಂದು ಕೂಸನ್ನು ಮುರಿಯದ ಹಾಗೆ ಇಟ್ಟುಕೊಳ್ಳಲಾರೆನೇ?

ದಯವಿಟ್ಟು ಬೇಗ ಉತ್ತರಿಸಿ.

ವಾಲ್‌ಟ್ರೌಟ್ ಓಮೆ


ಎರ್ಲೆನ್‌ತಾಲ್, 28 ಫೆಬ್ರವರಿ 1982

ರೆಗಿ, ನನ್ನ ಕಂದಾ,

ನಾನು ಮೊದಲು ಬರೆದ ಪತ್ರ ವಾಪಸ್ ಬಂತು. ಜೊತೆಗೊಂದು ಚೀಟಿ: ಮನೆಯ ಸಮಾಚಾರ ಬರೆಯಬಹುದು, ಕೆಲಸದ ಸಮಾಚಾರ ಬರೆಯಬಹುದು, ಬೇರೆ ಏನೂ ಕೂಡದು. ಆಗಲಿ, ಮನೆ ಮತ್ತು ಕೆಲಸ.

ಮನೆಗೆ ಡೋರಿಟ್ ಬಂದಿದ್ದಾಳೆ! ತಾತ್ಕಾಲಿಕ ಎಂದಿದ್ದಾರೆ. ಇರಲಿ, ಈಗಂತೂ ಇಲ್ಲೇ ಇದ್ದಾಳೆ, ಈ ಕ್ಷಣ ಮೇಜಿನ ಕೆಳಗೆ ಕೂತು ನನ್ನ ಕಾಲುಚೀಲ ಎಳೆಯುತ್ತಿದ್ದಾಳೆ. ಹಠಮಾರಿ. ಟೊಪ್ಪಿ ಹಾಕಿದರೆ ಕಿತ್ತೆಸೆಯುತ್ತಾಳೆ. ಸೂಪು ಕೊಟ್ಟರೆ ಬಟ್ಟಲನ್ನು ಪಕ್ಕದ ಮನೆಯ ಬೆಕ್ಕಿಗೆ ಇಟ್ಟು ಬರುತ್ತಾಳೆ. ನಿನ್ನೆ ನಾನು ಕೆಲಸದಿಂದ ತಂದ ಥರ್ಮೋಕೋಲ್ ತುಂಡನ್ನು ಉಗುರಿನಲ್ಲಿ ಕೆರೆದು ಅಡುಗೆಮನೆ ತುಂಬಾ ಉದುರಿಸಿದಳು. "ಏನೇ ಇದು ಪಿಶಾಚಿ?" ಅಂದರೆ "ಹಿಮ ಬಿತ್ತು, ನಾನೇನ್ ಮಾಡ್ಲಿ?" ಅನ್ನುತ್ತಾಳೆ. ಗುಡಿಸಿದಷ್ಟೂ ಪೊರಕೆಗೇ ಅಂಟಿಕೊಳ್ಳುತ್ತದೆ.

ಕೆಲಸದಲ್ಲಿ ಹೊಸ ಪೆಟ್ಟಿಗೆ ಬಂದಿದೆ. ರಟ್ಟಿನ ಮುಂಭಾಗ ಕತ್ತರಿಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಪೆಟ್ಟಿಗೆ ತೆರೆಯದೆಯೇ ಎಂಜಿನ್ ಕಾಣುತ್ತದೆ. ವಿದೇಶಕ್ಕೆ ಹೋಗುವ ಮಾಲಿಗೆ ಮಾತ್ರ ಇದು. ಅದರ ಮೇಲೆ ನಮ್ಮೂರ ಹೆಸರಿಲ್ಲ, ಯಾವುದೋ ಪರದೇಶದ ಅಂಗಡಿಯ ಹೆಸರು. ನಮ್ಮ ದೇಶದ ಮಕ್ಕಳಿಗೆ ಹೋಗುವ ರೈಲಿಗೆ ತೆಳ್ಳನೆಯ ಬೂದು ರಟ್ಟು, ಹಿಡಿದರೆ ಅದುಮಿಹೋಗುತ್ತದೆ. ನನ್ನ ಎದುರಿನ ಮೇಜಿನ ಗಿಟ್ಟಾ ಹೇಳುತ್ತಾಳೆ: "ವಾಲಿ, ನಾವೇ ಮಾಡಿದ ರೈಲನ್ನ ಇನ್ಮೇಲೆ ನಾವು ಕಿಟಕಿಯಿಂದ ನೋಡ್ಬೇಕು ಕಣೇ."

ಈ ಶರತ್ಕಾಲಕ್ಕೆ ಕಾರ್ಖಾನೆಗೆ ಎಪ್ಪತ್ತೈದು ವರ್ಷ. ಮೊದಲಿನಿಂದ ಇಂದಿನವರೆಗೆ ಪೆಟ್ಟಿಗೆಗಳು ಹೇಗೆ ಬದಲಾದವು ಎಂದು ಒಂದು ಪ್ರದರ್ಶನ ಇಡಬೇಕಂತೆ. ಮ್ಯಾನೇಜರ್ ಲೋಟ್ಸೆ ಅದನ್ನು ನನ್ನ ತಲೆಗೆ ಕಟ್ಟಿದ್ದಾರೆ. ರೈಲುಗಳನ್ನು ಎಲ್ಲರೂ ಎತ್ತಿಡುತ್ತಾರೆ, ಪೆಟ್ಟಿಗೆಯನ್ನು ಯಾರು ಇಡುತ್ತಾರೆ? ಊರಿನ ಅಟ್ಟಗಳನ್ನೆಲ್ಲ ಹತ್ತಿ ಹುಡುಕಬೇಕು.

ನೀನು ಊಟ ಮಾಡುತ್ತೀಯಾ? ಇದು ಮನೆಯ ಸಮಾಚಾರದಲ್ಲೇ ಬರುತ್ತದೆ ಅಂದುಕೊಳ್ಳುತ್ತೇನೆ.

ನಿನ್ನನ್ನು ಹಡೆದವಳು,
ಅಮ್ಮ


4 ಏಪ್ರಿಲ್ 1982

ಅಮ್ಮಾ,

ತಿಂಗಳಿಗೊಂದು ಪತ್ರ, ಒಂದೇ ಪುಟ. ಆದ್ದರಿಂದ ಅಕ್ಷರ ಸಣ್ಣ. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ. ಡೋರಿಟ್ ನಿನ್ನ ಮೇಜಿನ ಕೆಳಗಿದ್ದಾಳೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ನೀನು ಬರೆದ ಅವಳ ತಂಟೆಗಳನ್ನು ಇಲ್ಲಿ ಪಕ್ಕದ ಮಂಚದವಳಿಗೂ ಓದಿ ಹೇಳಿದೆ. ಅವಳಿಗೂ ಇಬ್ಬರಿದ್ದಾರೆ. ನಗುತ್ತಾ ನಗುತ್ತಾ ಗೋಡೆಗೆ ತಿರುಗಿ ಮಲಗಿದಳು.

ನನಗೂ ಕೆಲಸವಿದೆ. ಏನೆಂದು ಬರೆಯುವಂತಿಲ್ಲ. ಕೈಯ ಅಂಟು ಎಷ್ಟು ತೊಳೆದರೂ ಹೋಗುವುದಿಲ್ಲ ಎನ್ನುವಷ್ಟು ಬರೆಯಬಹುದೇನೋ. ಅಜ್ಜಿಯ ಜೊತೆ ಅಡುಗೆಮನೆಯಲ್ಲಿ ಕೂತು ರಟ್ಟು ಮಡಿಸುತ್ತಿದ್ದ ಕಾಲ ನೆನಪಾಗುತ್ತದೆ.

ಪೆಟ್ಟಿಗೆಗಳ ಬಗ್ಗೆ ಇನ್ನೂ ಬರೆ. ಏನಾದರೂ ಬರೆ.

ರೆಗೀನೆ


ಎರ್ಲೆನ್‌ತಾಲ್, 23 ಮೇ 1982

ರೆಗಿ ಮಗಳೇ,

ಬರೆ ಅಂದೆಯಲ್ಲ, ಬರೆಯುತ್ತೇನೆ.

ಅತ್ಯಂತ ಹಳೆಯದು ಪಾದ್ರಿಯವರ ಅಟ್ಟದಲ್ಲಿ ಸಿಕ್ಕಿತು. ಮರದ ಪೆಟ್ಟಿಗೆ, ಜಾರುವ ಮುಚ್ಚಳ, ಒಳಗೆ ಮರ ಹೆರೆದ ಸುರುಳಿ. ಇಲಿಗಳು ಅದರಲ್ಲಿ ಸಂಸಾರ ಮಾಡಿದ್ದವು. ಆಮೇಲಿನವು ಕೆಂಪು ಕಾಗದ ಮೆತ್ತಿದ ದಪ್ಪ ರಟ್ಟಿನವು. ಅವುಗಳ ಚೀಟಿ ಅಂಟಿಸುತ್ತಿದ್ದುದೇ ನನ್ನ ಅಮ್ಮ. ಗೋಧಿ ಹಿಟ್ಟಿನ ಗಂಜಿ, ಹಂದಿಕೂದಲಿನ ಕುಂಚ. ರಟ್ಟಿನಲ್ಲಿ ತೂತು ಮಾಡಿ ಎಂಜಿನ್ನನ್ನು ದಾರದಿಂದ ಕಟ್ಟುತ್ತಿದ್ದರು, ತೊಟ್ಟಿಲಿನ ಮಗುವನ್ನು ಕಟ್ಟುವ ಹಾಗೆ. ಹಬ್ಬದ ದಿನ ಆ ಗಂಟು ಬಿಚ್ಚುವುದಕ್ಕೇ ಮಕ್ಕಳು ಅರ್ಧ ಗಂಟೆ ಜಗಳವಾಡುತ್ತಿದ್ದರು.

ಯುದ್ಧದ ನಂತರ ರಟ್ಟೂ ಇಲ್ಲ, ಕಾಗದವೂ ಇಲ್ಲ. ಆಗ ನಾನು ಹೊಸಬಳು. ಸೈನ್ಯದವರು ಬಿಟ್ಟುಹೋದ ನಕ್ಷೆಗಳನ್ನು ಒಂದರ ಮೇಲೊಂದು ಅಂಟಿಸಿ ರಟ್ಟು ಮಾಡಿದೆವು. ಅಂಥದ್ದೊಂದು ಉಳಿದಿರುವುದು ಮುದುಕಿ ಕ್ರಾಲ್ ಹತ್ತಿರ. ನಾನು ಕೇಳಿದಾಗ ಕೊಡಲಿಲ್ಲ. "ನೋಡ್ಕೊಂಡು ಹೋಗು, ಮುಟ್ಬೇಡ" ಅಂದಳು. ಮುಚ್ಚಳ ಮಗುಚಿ ತೋರಿಸಿದಳು. ಒಳಮೈಯಲ್ಲಿ ರಷ್ಯದ ಒಂದು ನದಿ, ಅದರ ಬಾಗು. "ನಮ್ಮೆಜಮಾನ್ರು ಯುದ್ಧದಲ್ಲಿ ತೀರ್ಕೊಂಡಿದ್ದು ಇಲ್ಲೇ. ಪೆಟ್ಟಿಗೆ ಕೊಂಡಾಗ ಗೊತ್ತಿರ್ಲಿಲ್ಲ. ಮಗ ಎಂಜಿನ್ ಎತ್ಕೊಂಡ, ನಾನು ಮುಚ್ಚಳ ಎತ್ಕೊಂಡೆ." ಕೊನೆಗೆ ಡೋರಿಟ್ ಅವಳ ಮಡಿಲು ಹತ್ತಿ ಮೂಗಿನ ಮೇಲಿದ್ದ ನರೂಲಿ ಹಿಡಿದು ಎಳೆದಳು. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಮುದುಕಿ ಬಿದ್ದುಬಿದ್ದು ನಕ್ಕು, "ತಗೊಂಡ್ ಹೋಗು, ಆದ್ರೆ ಕಳೆದ್ರೆ ನಿನ್ನ ಸುಮ್ನೆ ಬಿಡಲ್ಲ" ಅಂದು ಕೊಟ್ಟಳು.

ಐವತ್ತರ ದಶಕದ ಟಿಶ್ಯೂ ಕಾಗದ, ಅರವತ್ತರ ದಶಕದ ಬಣ್ಣದ ಬೆಟ್ಟದ ಚಿತ್ರ, ಆಮೇಲೆ ಬಂದ ಥರ್ಮೋಕೋಲ್, ಅದು ನಿನಗೇ ಗೊತ್ತು. ಥರ್ಮೋಕೋಲ್ ಉಜ್ಜಿದ ಸದ್ದಿಗೆ ನೀನು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದೆ.

ಇನ್ನೊಂದು ಮಾತು. ಕಿಟಕಿಯ ಪೆಟ್ಟಿಗೆಗಳು ನಮ್ಮಲ್ಲಿ ತಯಾರಾಗುವುದಿಲ್ಲ, ಹೊರಗಿನಿಂದ ಲಾರಿಯಲ್ಲಿ ಬರುತ್ತವೆ. ಎಲ್ಲಿಂದ ಎಂದು ಯಾರೂ ಹೇಳುವುದಿಲ್ಲ. ಮೊನ್ನೆ ಒಂದನ್ನು ಎತ್ತಿಕೊಂಡೆ. ಮೂಲೆಯ ಮಡಿಕೆಯ ಮೇಲೆ ಎರಡು ಸಲ ಹೆಬ್ಬೆರಳ ಉಗುರೊತ್ತಿದ ಗುರುತು, ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚಂದ್ರ. ಹಾಗೆ ಮಡಿಸುತ್ತಿದ್ದುದು ನನ್ನ ಅಮ್ಮ ಒಬ್ಬಳೇ. ಅವಳು ಕಲಿಸಿದ್ದು ಒಬ್ಬಳಿಗೇ, ನಾನಂತೂ ಕಲಿಯಲಿಲ್ಲ. ಬಹಳ ಅಚ್ಚುಕಟ್ಟಾದ ಕೆಲಸ. ಆ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ. ಗಿಟ್ಟಾ, "ಏನಾಯ್ತೇ ವಾಲಿ?" ಅಂದಳು. ಕಣ್ಣಿಗೆ ಧೂಳು ಬಿತ್ತು ಅಂದೆ.

ಎಲ್ಲ ಪೆಟ್ಟಿಗೆಗಳನ್ನೂ ನೋಡುತ್ತಿರುವ
ಅಮ್ಮ


11 ಜುಲೈ 1982

ಅಮ್ಮಾ,

ಇಲ್ಲಿ ಬಿಸಿಲು ಜೋರು, ಕಿಟಕಿ ತೆರೆಯುವುದಿಲ್ಲ. ಅಂಟಿನ ವಾಸನೆಗೆ ತಲೆ ಭಾರವಾಗುತ್ತದೆ. ಕೆಮ್ಮು ಸ್ವಲ್ಪ. ಚಿಂತೆ ಮಾಡಬೇಡ.

ಎಲ್ಲರೂ ವಾರಕ್ಕೊಮ್ಮೆ ಉಗುರು ಕತ್ತರಿಸಿಕೊಳ್ಳುತ್ತಾರೆ. ನಾನು ಬಲಗೈ ಹೆಬ್ಬೆರಳಿನದನ್ನು ಬಿಟ್ಟಿದ್ದೇನೆ. ಡೋರಿಟ್‌ಗೆ ಮುತ್ತು ಕೊಡು. ಒರೆಸಿಕೊಂಡರೆ ಇನ್ನೊಂದು ಕೊಡು.

ರೆ.


ಎರ್ಲೆನ್‌ತಾಲ್, 3 ಅಕ್ಟೋಬರ್ 1982

ರೆಗಿ,

ಆಗಸ್ಟಿನ ಪತ್ರ ಬರಲಿಲ್ಲ. ಸೆಪ್ಟೆಂಬರಿನದೂ ಇಲ್ಲ. ಅಂಚೆಯ ತಪ್ಪಿರಬೇಕೆಂದು ಅಂಚೆ ಕಚೇರಿಗೆ ಹೋಗಿ ಜಗಳವಾಡಿ ಬಂದೆ.

ಡೋರಿಟ್‌ಗೆ ಸೀತಾಳೆ ಸಿಡುಬು ಎದ್ದಿತ್ತು, ಈಗ ಗುಣ. ಕೆರೆದುಕೊಳ್ಳಬೇಡ ಅಂದಿದ್ದಕ್ಕೆ ನನ್ನ ಕೈಯನ್ನೇ ಕೆರೆದಳು. ಶಿಶುವಿಹಾರದಲ್ಲಿ ಒಬ್ಬನನ್ನು ಕಚ್ಚಿದ್ದಾಳೆ. ಕರೆಸಿ ಹೇಳಿದರು.

ಪೆಟ್ಟಿಗೆಗಳು ಬರುತ್ತಲೇ ಇವೆ, ಲಾರಿ ತುಂಬಾ. ಆದರೆ ನನಗೆ ಇಷ್ಟವಾದ ಆ ಮಡಿಕೆ ಈಗ ಬರುತ್ತಿಲ್ಲ. ಬೇಸಿಗೆಯ ಕೊನೆಯಿಂದ ಒಂದೂ ಇಲ್ಲ. ಮೂಲೆಗಳು ಸಡಿಲ, ಬೇರೆ ಯಾರದೋ ಕೈ. ನಾನು ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತೇನೆ. ನಿಧಾನವಾಯಿತೆಂದು ಲೋಟ್ಸೆ ಬೈದರು. ಬೈದುಕೊಳ್ಳಲಿ. ಗಿಟ್ಟಾ ತನ್ನ ಪಾಲಿನವನ್ನೂ ನನ್ನ ಮುಂದೆ ಸರಿಸುತ್ತಾಳೆ, ಏನೂ ಕೇಳುವುದಿಲ್ಲ.

ಒಂದು ಸಾಲು ಬರೆ. ಬರೆಯಲಾಗದಿದ್ದರೆ ಯಾರ ಕೈಯಲ್ಲಾದರೂ ಬರೆಸು. ಈ ಪತ್ರ ಓದುವ ಅಧಿಕಾರಿಗಳೇ, ನಿಮಗೂ ತಾಯಿ ಇದ್ದಾಳೆ. ನೀವಾದರೂ ಒಂದು ಸಾಲು ಬರೆಯಿರಿ.

ಅಮ್ಮ


ಎರ್ಲೆನ್‌ತಾಲ್, 22 ನವೆಂಬರ್ 1982

ಜಿಲ್ಲಾ ಮಕ್ಕಳ ಕಚೇರಿಯವರಿಗೆ,

ನೀವು ಕಳೆದ ವಾರ ಕರೆದೊಯ್ದ ನನ್ನ ಮೊಮ್ಮಗಳು ಡೋರಿಟ್‌ಳನ್ನು ವಾಪಸ್ ಕೊಡಬೇಕೆಂದು ಈ ಅರ್ಜಿ.

ನಾನು "ಸಮಾಜಕ್ಕೆ ವಿರುದ್ಧವಾಗಿ ನಡೆದುಕೊಂಡೆ" ಎಂದು ನಿಮ್ಮ ಆದೇಶದಲ್ಲಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕಾರ್ಖಾನೆಯ ಉತ್ಸವದ ದಿನ ಪೆಟ್ಟಿಗೆಗಳ ಪ್ರದರ್ಶನದ ಮುಂದೆ ನನ್ನನ್ನು ನಿಲ್ಲಿಸಿದ್ದರು. ಜಿಲ್ಲೆಯಿಂದ ಬಂದ ಅತಿಥಿಗಳು ಮರದ ಪೆಟ್ಟಿಗೆ ನೋಡಿದರು, ನಕ್ಷೆಯ ಪೆಟ್ಟಿಗೆ ನೋಡಿ ತಲೆದೂಗಿದರು. ಕೊನೆಯ ಮೇಜಿಗೆ ಬಂದು ಕಿಟಕಿಯ ಪೆಟ್ಟಿಗೆ ಎತ್ತಿಕೊಂಡು ನನ್ನನ್ನೇ ಕೇಳಿದರು:

"ಎಷ್ಟು ಚೆನ್ನಾಗಿದೆ! ಇದು ಯಾರ ಕೈ ಕೆಲಸ ತಾಯಿ?"

ಮ್ಯಾನೇಜರ್ ಲೋಟ್ಸೆ ಮಧ್ಯೆ ಬಂದು, "ಹೊರಗಡೆ ಒಂದು ಘಟಕದಿಂದ ತರಿಸ್ತೀವಿ ಕಾಮ್ರೇಡ್" ಅಂದರು.

ಕೇಳಿದ್ದು ನನ್ನನ್ನು. ನಾನು ಹೇಳಿದೆ: "ಜೈಲಿಂದ ಬರುತ್ತೆ. ನನ್ನ ಮಗಳು ಮಾಡ್ತಿದ್ಲು. ಬೇಸಿಗೆಯಿಂದ ಅವಳು ಮಡಿಸಿದ್ದು ಒಂದೂ ಬಂದಿಲ್ಲ. ಕಾಗದಾನೂ ಇಲ್ಲ. ನೀವು ದೊಡ್ಡೋರು, ಒಂದು ಫೋನ್ ಮಾಡಿ ಕೇಳಿ. ಬದುಕಿದ್ದಾಳಾ ಅಂತ, ಅಷ್ಟೇ."

ವಾದ್ಯದವರು ಊದುವುದನ್ನು ನಿಲ್ಲಿಸಿದರು. ಅತಿಥಿಗಳು ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. "ಇವರಿಗೆ ಮೈ ಸರಿಯಿಲ್ಲ ಅನ್ಸುತ್ತೆ, ಎಲ್ಲಾದ್ರೂ ಕೂರ್ಸಿ" ಅಂದರು.

"ನಂಗೇನೂ ಆಗಿಲ್ಲ. ಆಗಿದ್ರೆ ಅವ್ಳಿಗೇ ಆಗಿರೋದು" ಅಂದೆ. ಇಷ್ಟೇ ನಾನು ಮಾಡಿದ್ದು. ಕಿರುಚಲಿಲ್ಲ, ಯಾರನ್ನೂ ಬೈಯಲಿಲ್ಲ.

ಅದಕ್ಕೆ ನನ್ನನ್ನು ಪ್ಯಾಕಿಂಗ್ ಮೇಜಿನಿಂದ ತೆಗೆದು ರದ್ದಿ ರಟ್ಟಿನ ಕೊಟ್ಟಿಗೆಗೆ ಹಾಕಿದ್ದಾರೆ. ಹಾಕಲಿ. ಆದರೆ ಡೋರಿಟ್ ಏನು ಮಾಡಿದಳು? ಶಿಶುವಿಹಾರಕ್ಕೆ ಕರೆಯಲು ಹೋದರೆ ಅವಳ ಕೋಟು ತೂಗುಹಾಕುವ ಮೊಳೆ ಖಾಲಿ. "ಬೆಳಿಗ್ಗೇನೇ ಇಬ್ರು ಬಂದು ಕರ್ಕೊಂಡ್ ಹೋದ್ರು, ನಿಮಗೆ ಹೇಳಿಲ್ವಾ?" ಎಂದು ಟೀಚರ್ ಕೇಳಿದಳು. ಇಲ್ಲ, ನನಗೆ ಯಾರೂ ಹೇಳಿರಲಿಲ್ಲ.

ಅವಳ ಟೊಪ್ಪಿ ನನ್ನ ಕೈಚೀಲದಲ್ಲೇ ಉಳಿದಿದೆ. ಹೊರಗೆ ಚಳಿ. ಎಲ್ಲಿಗೆ ಕಳಿಸಬೇಕೆಂದಾದರೂ ತಿಳಿಸಿ.

ಕ್ಷಮೆ ಕೇಳಬೇಕೆಂದರೆ ಕೇಳುತ್ತೇನೆ. ಯಾರ ಮುಂದೆ ಬೇಕಾದರೂ, ಯಾವ ಮಾತಿನಲ್ಲಿ ಬೇಕಾದರೂ.

ವಾಲ್‌ಟ್ರೌಟ್ ಓಮೆ


19 ಡಿಸೆಂಬರ್ 1982

ಅಮ್ಮಾ,

ಬದುಕಿದ್ದೇನೆ. ಎದೆಯಲ್ಲಿ ನೀರು ತುಂಬಿತ್ತು. ಬಹಳ ಕಾಲ ಕಾಯಿಲೆಯವರ ಕೋಣೆಯಲ್ಲಿದ್ದೆ. ಅಲ್ಲಿ ಬರೆಯಲು ಬಿಡುವುದಿಲ್ಲ. ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಒಬ್ಬ ಒಳ್ಳೆಯ ಡಾಕ್ಟರು ಬಂದರು, ಔಷಧಿ ಬದಲಾಯಿತು. ಯಾರು ಕಳಿಸಿದರೋ ಗೊತ್ತಿಲ್ಲ.

ಈಗ ಒಂದು ವಿಷಯ. ಇದನ್ನು ಬರೆಯಲು ಅನುಮತಿ ಕೊಟ್ಟಿದ್ದಾರೆ. ನನ್ನನ್ನು ಬೇಗ ಬಿಡಬಹುದಂತೆ. ಆದರೆ ಊರಿಗಲ್ಲ, ನಾನು ಅರ್ಜಿಯಲ್ಲಿ ಕೇಳಿದಂತೆ ನೇರವಾಗಿ ಪಶ್ಚಿಮಕ್ಕೆ; ಆ ಕಡೆಯವರು ನಮ್ಮಂಥ ಕೈದಿಗಳನ್ನು ಬಿಡಿಸಿಕೊಳ್ಳುತ್ತಾರಂತೆ. ಬಸ್ಸಿನಲ್ಲಿ ಕೂರಿಸಿ ಗಡಿ ದಾಟಿಸುತ್ತಾರೆ. ಡೋರಿಟ್ ಈಗ ನನ್ನ ಜೊತೆ ಬರುವಂತಿಲ್ಲ. ಆಮೇಲೆ ನೋಡೋಣ ಅಂದಿದ್ದಾರೆ. ಹೋಗುವುದಾದರೆ ಒಂದು ಕಾಗದಕ್ಕೆ ಸಹಿ ಹಾಕಬೇಕು.

ಅವಳು ನಿನ್ನ ಹತ್ತಿರ ಇದ್ದಾಳೆ ಎಂಬ ಧೈರ್ಯವಿದ್ದರೆ ಹೋಗಿ, ಅಲ್ಲಿಂದ ಕರೆಸಿಕೊಳ್ಳಲು ಹೋರಾಡಬಹುದು. ಇಲ್ಲಿ ಇನ್ನೊಂದು ಚಳಿಗಾಲ ಕಳೆದರೆ ಎದೆ ತಡೆಯುವುದೋ ಇಲ್ಲವೋ. ಡೋರಿಟ್ ಹೇಗಿದ್ದಾಳೆ? ಅಷ್ಟು ಹೇಳು ಸಾಕು. ನೀನು ಹೇಳಿದ ಹಾಗೆ ಮಾಡುತ್ತೇನೆ.

ರೆಗೀನೆ


ಎರ್ಲೆನ್‌ತಾಲ್, 2 ಜನವರಿ 1983

ನನ್ನ ರೆಗಿ,

ನಿನ್ನ ಅಕ್ಷರ ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ದೇವರು ದೊಡ್ಡವನು.

ಹೋಗು. ಯೋಚಿಸಬೇಡ, ಸಹಿ ಹಾಕು, ಬಸ್ಸು ಹತ್ತು. ಒಳ್ಳೆಯ ಆಸ್ಪತ್ರೆಗೆ ತೋರಿಸಿಕೋ.

ಡೋರಿಟ್ ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಹೇಳಿದ ಮಾತು ಕೇಳುತ್ತಾಳೆ. ಟೊಪ್ಪಿ ತಾನೇ ಹಾಕಿಕೊಳ್ಳುತ್ತಾಳೆ. ದೀಪ ಆರಿಸಿದರೆ ಸುಮ್ಮನೆ ಮಲಗುತ್ತಾಳೆ. ಕ್ರಿಸ್‌ಮಸ್‌ಗೆ ಹಾಡು ಹೇಳಿದಳು, ಎಲ್ಲರೂ ಮೆಚ್ಚಿದರು. ನನ್ನ ಕೆಲಸವೂ ಎಂದಿನಂತೆ ನಡೆದಿದೆ. ಪ್ರದರ್ಶನ ಚೆನ್ನಾಗಿ ಆಯಿತು.

ನನಗೆ ಅರವತ್ತಾಗಲು ಬಹಳ ಕಾಲವಿಲ್ಲ. ಆಮೇಲೆ ಮುದುಕಿಯರನ್ನು ಅತ್ತ ಹೋಗಿಬರಲು ಬಿಡುತ್ತಾರೆ. ಬಂದು ನಿನ್ನನ್ನು ನೋಡುತ್ತೇನೆ. ನಮ್ಮ ಚಿಂತೆ ಬಿಡು. ಹೋಗು ಮಗಳೇ.

ಅಮ್ಮ


13 ಫೆಬ್ರವರಿ 1983

ಅಮ್ಮಾ,

ನಿನ್ನ ಪತ್ರ ಬಂದ ದಿನ ಖುಷಿಯಿಂದ ಓದಿ ಸಹಿ ಹಾಕಿದೆ. ಮರುದಿನ ಮತ್ತೆ ಓದಿದೆ. ಮೂರನೆಯ ದಿನ ಓದುವಾಗ ಈ ಸಾಲುಗಳಲ್ಲೇ ನಿಂತೆ.

ಹೊತ್ತಿಗೆ ಉಣ್ಣುತ್ತಾಳೆ. ಮಾತು ಕೇಳುತ್ತಾಳೆ. ಟೊಪ್ಪಿ ತಾನೇ ಹಾಕಿಕೊಳ್ಳುತ್ತಾಳೆ. ಅಮ್ಮಾ, ಅಂಥ ಮಗು ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಒಂದು ವರ್ಷದ ಪತ್ರಗಳಲ್ಲಿ ಅವಳನ್ನು ಬೈಯದ ಪತ್ರ ಇದೊಂದೇ. ಅವಳು ನಿನ್ನ ಹತ್ತಿರ ಇಲ್ಲ, ಅಲ್ಲವೇ?

ಮಗು ಎಲ್ಲಿದೆ ಎಂದು ಅಧಿಕಾರಿಯನ್ನು ಕೇಳಿದೆ. ಅವರು ಫೈಲು ಮುಚ್ಚಿ, "ಅದಕ್ಕೂ ನಿನ್ನ ಬಸ್ಸಿಗೂ ಸಂಬಂಧ ಇಲ್ಲ" ಅಂದರು. ಉತ್ತರ ಸಿಕ್ಕಿತು.

ಬಸ್ಸಿನಲ್ಲಿ ಹೋಗಬೇಕಾದವರನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ನಮ್ಮದೇ ಬಟ್ಟೆ ವಾಪಸ್ ಕೊಟ್ಟಿದ್ದರು. ನನ್ನ ಹಸಿರು ಕೋಟಿನ ಜೇಬಿನಲ್ಲಿ ಡೋರಿಟ್‌ಳ ಒಂದು ಕೈಗವಸು ಇತ್ತು. ಪಕ್ಕದ ಮಂಚದವಳು ಹತ್ತಿ ಕೂತು ಕಿಟಕಿಯಿಂದ ಕೈ ಬೀಸಿ ಕರೆದಳು. "ಹತ್ತೇ ಹುಚ್ಚಿ, ಹೋಗಿ ಆಮೇಲೆ ಅತ್ಕೋ!" ನಾನು ಹತ್ತಲಿಲ್ಲ. ಪಶ್ಚಿಮಕ್ಕೆ ಹೋಗುವ ಅರ್ಜಿಯನ್ನೇ ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದುಕೊಟ್ಟೆ. ಶಿಕ್ಷೆ ಪೂರ್ತಿ ಮುಗಿಸಿ ಎರ್ಲೆನ್‌ತಾಲ್‌ಗೇ ಬರುತ್ತೇನೆ. ಬದಲಿಗೆ ಮಗುವನ್ನು ನಿನಗೆ ಕೊಡಲಿ ಎಂದು ಕೇಳಿದ್ದೇನೆ. ಕೊಡುತ್ತಾರೋ ಇಲ್ಲವೋ, ಯಾರೂ ಮಾತು ಕೊಟ್ಟಿಲ್ಲ.

ಯೋಖೆನ್‌ಗೆ ಏನು ಬರೆಯಲಿ ಎಂದು ತಿಳಿಯುತ್ತಿಲ್ಲ. ಅವನು ಆ ಬಸ್ಸು ಬರುವ ಕಡೆ ಕಾದು ನಿಂತಿದ್ದಿರಬೇಕು.

ಸಿಟ್ಟಾಗಬೇಡ. ನಿನ್ನ ಮೇಲೆ ನನಗೂ ಸಿಟ್ಟಿಲ್ಲ.

ರೆಗೀನೆ


ಎರ್ಲೆನ್‌ತಾಲ್, 15 ಮೇ 1983

ರೆಗಿ,

ನಿನ್ನ ಪತ್ರ ಬಂದ ಮೇಲೆ ನಾನು ಬರೆಯಲಿಲ್ಲ. ಏನು ಬರೆದರೂ ನೀನು ಅದರ ಹಿಂದಿನದನ್ನು ಓದುತ್ತೀಯ. ನೀನು ಬಸ್ಸು ಹತ್ತಬೇಕಿತ್ತು. ಈಗಲೂ ಅದನ್ನೇ ಹೇಳುತ್ತೇನೆ. ನಿನ್ನ ಎದೆಯ ಗತಿ ಏನು? ಆದರೂ ನಡೆದದ್ದನ್ನು ಹೇಳಬೇಕು.

ಚಳಿಗಾಲವೆಲ್ಲ ನಾನು ರದ್ದಿ ಕೊಟ್ಟಿಗೆಯಲ್ಲಿ ರಟ್ಟು ಹರಿದು ಕಟ್ಟು ಕಟ್ಟುತ್ತಿದ್ದೆ. ಒಂದು ದಿನ ಪ್ರದರ್ಶನದ ಪೆಟ್ಟಿಗೆಗಳೂ ಅಲ್ಲಿಗೇ ಬಂದು ಬಿದ್ದವು. ಮರದ್ದು, ಕೆಂಪಿನದು, ಬೆಟ್ಟದ ಚಿತ್ರದ್ದು, ಎಲ್ಲ. ಜಾಗ ಇಲ್ಲವಂತೆ. ಅಮ್ಮ ಅಂಟಿಸಿದ ಚೀಟಿಗಳನ್ನು ನನ್ನ ಕೈಯಾರೆ ಹರಿದೆ. ಮುದುಕಿ ಕ್ರಾಲ್‌ಳ ಮುಚ್ಚಳವನ್ನು ಮಾತ್ರ ಕೋಟಿನೊಳಗೆ ಇಟ್ಟುಕೊಂಡು ಹೋಗಿ ಅವಳಿಗೆ ಕೊಟ್ಟೆ. ಅವಳು ಬೈಯಲಿಲ್ಲ, ಚಹಾ ಕೊಟ್ಟಳು.

ಕಳೆದ ಬುಧವಾರ ಮಕ್ಕಳ ಕಚೇರಿಯಿಂದ ಕರೆ ಬಂತು. ಹೋದೆ. ಮೇಜಿನ ಹಿಂದಿದ್ದ ಹೆಂಗಸು, "ನಿಮ್ಮ ಮಗಳು ಬುದ್ಧಿವಂತ ನಿರ್ಧಾರ ಮಾಡಿದ್ದಾರೆ" ಅಂದಳು. ಬಾಗಿಲು ತೆರೆಯಿತು. ಡೋರಿಟ್ ನಿಂತಿದ್ದಳು.

ಎತ್ತರವಾಗಿದ್ದಾಳೆ. ಕೂದಲು ಗಿಡ್ಡಗೆ ಕತ್ತರಿಸಿದ್ದಾರೆ. ನನ್ನನ್ನು ನೋಡಿ ಓಡಿ ಬರಲಿಲ್ಲ. "ನಮಸ್ಕಾರ" ಅಂದಳು, ಪರಕೀಯರಿಗೆ ಹೇಳುವ ಹಾಗೆ. ನಾನು ಅಲ್ಲಿ ಅಳಲಿಲ್ಲ. ಕೈ ಹಿಡಿದುಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದ ತನಕ ನಡೆದೆವು. ಅಲ್ಲಿ ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ ಕೇಳಿದಳು:

"ಅಜ್ಜಿ, ಅಮ್ಮ ಸತ್ತೋಗಿದ್ದಾಳಾ?"

"ಯಾರೇ ಹೇಳಿದ್ದು ಹಾಗಂತ?"

"ಅಲ್ಲಿರೋ ಮಕ್ಳು. ಅಲ್ಲಿಗೆ ಬಂದೋರ ಅಮ್ಮಂದಿರೆಲ್ಲ ಸತ್ತಿರ್ತಾರಂತೆ."

"ಸುಳ್ಳು. ನಿಮ್ಮಮ್ಮ ಇದ್ದಾಳೆ. ಬರ್ತಾಳೆ."

"ಯಾವಾಗ?"

"ನೀನು ಸ್ಕೂಲಿಗೆ ಸೇರಿದ್ಮೇಲೆ. ಹಿಮ ಬೀಳೋ ಕಾಲಕ್ಕೆ."

ಅವಳು ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದಳು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ. "ಆಯ್ತು ಅಜ್ಜಿ, ಅಳ್ಬೇಡ" ಅಂದಳು.

ಅವಳು ನನ್ನನ್ನು ನಂಬಿಲ್ಲ ರೆಗಿ. ನಾನು ಹೇಳಿದರೆ ಇನ್ನು ನಂಬುವುದೂ ಇಲ್ಲ. ಔಷಧಿ ತಪ್ಪಿಸಬೇಡ, ಹಾಕಿದ್ದನ್ನೆಲ್ಲ ತಿನ್ನು, ಕೆಮ್ಮಿದರೂ ಉಸಿರು ಹಿಡಿದುಕೋ. ನೀನೇ ಬಂದು ಅವಳ ಎದುರು ನಿಲ್ಲಬೇಕು.

ಇಬ್ಬರ ಪರವಾಗಿಯೂ ಕಾಯುತ್ತಿರುವ
ಅಮ್ಮ